ಹನ್ನೊಂದು ಬ್ರಶ್‌ಗೆ ಅರಿಶಿನ ಕುಂಕುಮ

ಹೋದ ಭಾನುವಾರ ಅವಳು ನಮ್ಮ ಮೇಲಿನ ರೂಮು ಖಾಲಿ ಮಾಡಿಕೊಂಡು, ದೊಡ್ಡ ಕೆಲಸ ಸಿಕ್ಕಿ ಮುಂಬೈಗೆ ಹೋದಳು. ಸೋಮವಾರ ಬೆಳಿಗ್ಗೆ ಪೊರಕೆ ಹಿಡಿದು ಮೇಲೆ ಹತ್ತಿದೆ. ಗುಡಿಸೋಕೆ ಕಸವೇ ಇರಲಿಲ್ಲ. ಕಿಟಕಿ ಪಕ್ಕದ ಗೋಡೆ ಮೇಲೆ ಮಾತ್ರ ಬೆರಳಗಲದ ಪಟ್ಟಿಗಳು, ಒಂದರ ಕೆಳಗೊಂದು. ಒಂದು ಗೋಧಿ ಹಿಟ್ಟಿನ ಬಣ್ಣ, ಒಂದು ಹುರಿಗಡಲೆ ಬಣ್ಣ, ಒಂದು ಬೆಲ್ಲದ್ದು, ಕೊನೆಯದು ಹಳೇ ಹುಣಿಸೆಹಣ್ಣಿನ ಹಾಗೆ ಕಪ್ಪು. ಅವೆಲ್ಲ ಮನುಷ್ಯರ ಮುಖದ ಬಣ್ಣಗಳು. ಯಾವ ಹುಡುಗಿಗೆ ಯಾವುದು ಹೊಂದುತ್ತೆ ಅಂತ ಬೆರಳಲ್ಲಿ ಬಳಿದು ನೋಡುತ್ತಿದ್ದಳು. ಯಜಮಾನರು "ಒಂದು ಕೋಟ್ ಪೇಂಟ್ ಹೊಡಿಸಿಬಿಡೋಣ" ಅಂದರು. ಹೊಡಿಸಲಿ, ನನಗೇನು ಅವಸರವಿಲ್ಲ.

ಅವಳ ಹೆಸರು ಬರೆಯಲ್ಲ. ಬರೆದರೆ ಆ ಊರಿಂದ ಫೋನ್ ಮಾಡಿ "ಏನ್ರಿ ಆಂಟಿ, ನನ್ನ ಮಾನ ಹರಾಜಿಗೆ ಹಾಕೀರಿ" ಅಂತಾಳೆ. ರಾಣೇಬೆನ್ನೂರು ಕಡೆಯವಳು. ಅಪ್ಪನಿಗೆ ಜಮೀನು, ಅಮ್ಮ ಶಾಲೆ ಟೀಚರು. ಇಲ್ಲಿ ರಾಜಾಜಿನಗರದಲ್ಲಿ ಒಂದು ಕಡೆ ಮೇಕಪ್ಪು, ಕೂದಲ ಅಲಂಕಾರ ಕಲಿಯೋಕೆ ಬಂದಿದ್ದಳು. ಮದುವೆ ಹೆಣ್ಣಿಗೆ ಮಾಡೋದಲ್ಲ. ಫ್ಯಾಶನ್ ಶೂಟು ಅಂತಾರಲ್ಲ, ಬಟ್ಟೆ ಕಂಪನಿಯವರು ಹುಡುಗಿಯರನ್ನು ನಿಲ್ಲಿಸಿ ಫೋಟೋ ತೆಗೀತಾರಲ್ಲ, ಅದಕ್ಕೆ. ಆ ಥರದ್ದಕ್ಕೂ ಒಂದು ಓದು ಇದೆ ಅಂತ ನನಗೆ ಗೊತ್ತಾಗಿದ್ದೇ ಅವಳಿಂದ.

ಮೂಡಲಪಾಳ್ಯದ ನಮ್ಮ ಬೀದಿಗೆ ರೂಮು ನೋಡೋಕೆ ಬಂದ ದಿನ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಬಂದವರೆಲ್ಲ ಮೊದಲು ನಲ್ಲಿ ತಿರುಗಿಸಿ ನೀರು ನೋಡ್ತಾರೆ. ಇವಳು ನೇರ ಕಿಟಕಿ ಹತ್ತಿರ ಹೋಗಿ ತನ್ನ ಅಂಗೈ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು.

"ಆಂಟಿ, ಇದು ಉತ್ತರದ ಕಿಟಕಿ ಏನ್ರಿ?"

"ಹೂಂ ಕಣಮ್ಮ, ಉತ್ತರ. ಆ ಮೂಲೆ ಈಶಾನ್ಯ. ದೇವರ ಫೋಟೋ ಇಟ್ಕೊಳ್ಳೋಕೆ ಹೇಳಿ ಮಾಡಿಸಿದ ಹಾಗಿದೆ."

"ಭಾಳ ಛಲೋ ಆತ್ರಿ. ಇಡೀ ದಿನ ಒಂದೇ ಥರ ಬೆಳಕು ಬರ್ತೈತಿ."

ಎಷ್ಟು ಶಾಸ್ತ್ರ ಗೊತ್ತಿರೋ ಹುಡುಗಿ ಅಂತ ನಾನು, ಬೆಳಕಿನ ವಿಷಯ ತಿಳಿದ ಓನರ್ ಆಂಟಿ ಅಂತ ಅವಳು. ಇಬ್ಬರೂ ಖುಷಿಯಾದೆವು. ಅಡ್ವಾನ್ಸು, ಅಗ್ರಿಮೆಂಟು ಮಾತೆಲ್ಲ ಆಮೇಲೆ ಆಯಿತು.

ಬಂದ ಎರಡನೇ ವಾರವೇ ಬೀದಿಯಲ್ಲಿ ಗಲಾಟೆ ಎಬ್ಬಿಸಿದಳು. ಬೆಳಿಗ್ಗೆ ತುಳಸಿಗೆ ನೀರು ಹಾಕೋಕೆ ತಾರಸಿಗೆ ಹೋಗಿದ್ದೀನಿ, ನೀರಿನ ಟ್ಯಾಂಕಿನ ಅಂಚಿನ ಮೇಲೆ ಒಂದು ಹೆಣ್ಣಿನ ತಲೆ! ಕುತ್ತಿಗೆಯಿಂದ ಕೆಳಗೆ ಏನೂ ಇಲ್ಲ. ಉದ್ದ ಕೂದಲು ಗಾಳಿಗೆ ಹಾರ್ತಾ ಇದೆ. ತಂಬಿಗೆ ಕೈಬಿಟ್ಟು "ಅಯ್ಯಪ್ಪಾ" ಅಂತ ಕೂಗಿದೆ. ಎದುರು ಮನೆಯಾಕೆ ತಮ್ಮ ತಾರಸಿಯಿಂದ ನೋಡಿ ಒಗೆದ ಬಟ್ಟೆ ಬಕೆಟ್ಟಿನ ಸಮೇತ ಕೆಳಗಿಳಿದುಬಿಟ್ಟರು. ಇವಳು ಟವೆಲ್ ಸುತ್ತಿಕೊಂಡು ಓಡಿಬಂದಳು.

"ಡಮ್ಮಿ ರೀ ಆಂಟಿ, ಡಮ್ಮಿ! ತಲಿ ಸ್ನಾನ ಮಾಡ್ಸಿದ್ದೆ. ಒಣಗಾಕ ಇಟ್ಟೀನಿ."

ಜಡೆ ಹಾಕಿ, ಸುರುಳಿ ಸುತ್ತಿ, ತುರುಬು ಕಟ್ಟಿ ಕೈ ಪಳಗಿಸಿಕೊಳ್ಳೋಕೆ ಇಟ್ಟುಕೊಂಡ ಗೊಂಬೆ ತಲೆ ಅದು. ಎದುರು ಮನೆಯಾಕೆ ಒಂದು ವಾರ ನಮ್ಮ ಕಡೆ ತಿರುಗಿ ಬಟ್ಟೆ ಹರವಲಿಲ್ಲ, "ಮಾಟದ ಮನೆ" ಅಂತ ಅಂದರಂತೆ. ನನಗೆ ಆ ಗೊಂಬೆ ನೋಡಿದರೆ ಹೆದರಿಕೆ ಹೋಗಿ ಪಾಪ ಅನ್ನಿಸೋಕೆ ಶುರುವಾಯಿತು. ಅಷ್ಟು ಲಕ್ಷಣವಾದ ಮುಖ, ಹಣೆ ಮಾತ್ರ ಬೋಳು. ಒಂದು ಶುಕ್ರವಾರ ತಡೆಯಲಾರದೆ ಕುಂಕುಮ ಇಟ್ಟುಬಂದೆ. ಸಂಜೆ ಅವಳು ಮೆಟ್ಟಿಲ ಮೇಲಿಂದಲೇ ಕೂಗಿದಳು, "ಆಂಟಿ, ನಮ್ಮ ಡಮ್ಮಿಗೆ ಮುತ್ತೈದೆ ಪಟ್ಟ ಕೊಟ್ಟೀರಲ್ರಿ! ಗಂಡನ್ನೂ ನೀವೇ ಹುಡುಕ್ರಿ ಈಗ." ಆದರೆ ಒರೆಸಲಿಲ್ಲ. ಅದಕ್ಕೇ ನನಗೆ ಅವಳು ಇಷ್ಟವಾದಳು.

ಅವಳ ನೋಟವೇ ಬೇರೆ. ನಾವು ಮನುಷ್ಯರನ್ನು ನೋಡಿದರೆ ಯಾರ ಮನೆಯವರು, ಚೆನ್ನಾಗಿದ್ದಾರಾ ಅಂತ ನೋಡ್ತೀವಿ. ಅವಳು ಮುಖದ ಮೇಲೆ ಬೆಳಕು ಎಲ್ಲಿ ಬೀಳುತ್ತೆ, ಎಲ್ಲಿ ಬೀಳಲ್ಲ ಅಂತ ನೋಡುತ್ತಿದ್ದಳು. ತರಕಾರಿ ಗಾಡಿಯವಳ ಜೊತೆ ಚೌಕಾಸಿ ಮಾಡುವಾಗ ಮಧ್ಯದಲ್ಲಿ ನಿಲ್ಲಿಸಿ "ಅಕ್ಕ, ನಿಮ್ಮ ಕೆನ್ನಿ ಮೂಳಿ ಎಷ್ಟ್ ಚಂದ ಐತಿ" ಅಂದುಬಿಟ್ಟಳು. ಆಕೆ ನಾಚಿಕೊಂಡು ಒಂದು ಹಿಡಿ ಕೊತ್ತಂಬರಿ ಜಾಸ್ತಿ ಹಾಕಿದಳು. ನಮ್ಮ ಪಾಲಿಗೆ ಅದೂ ಒಂದು ಲಾಭ.

ನನ್ನ ಮುಖದ ಮೇಲೂ ಪ್ರಯೋಗ ನಡೆಯುತ್ತಿತ್ತು. ಮಧ್ಯಾಹ್ನ ನಾನು ಬತ್ತಿ ಹೊಸೆಯುತ್ತಾ ಕೂತಿದ್ದರೆ ಎದುರಿಗೆ ಮಣೆ ಎಳೆದುಕೊಂಡು ಕೂತು ದವಡೆ ಮೇಲೆ ಮೂರು ಬಣ್ಣ ಬಳಿಯೋಳು. "ನೀವು ಹಾಲು ಹಾಕಿದ ರಾಗಿ ಅಂಬಲಿ ಬಣ್ಣ ರೀ. ಹಣಿ ಒಂದೀಟು ಕಪ್ಪು, ಕೆನ್ನಿ ಒಂದೀಟು ತಿಳಿ. ಯಾರ ಮುಖಾನೂ ಒಂದೇ ಬಣ್ಣ ಇರಂಗಿಲ್ಲ."

"ಹಾಗಾದ್ರೆ ಎಲ್ಲಾ ಸೇರಿಸಿ ಸ್ವಲ್ಪ ಬೆಳ್ಳಗೆ ಮಾಡೇ," ಅಂದೆ ಒಂದು ಸಲ, ತಮಾಷೆಗೆ.

ಅವಳು ಬ್ರಶ್ ಕೆಳಗಿಟ್ಟಳು. "ಅದೊಂದು ಕೇಳಬ್ಯಾಡ್ರಿ ಆಂಟಿ. ದೇವ್ರು ಕಲಸಿದ ಬಣ್ಣಾನ ನಾನು ತಿದ್ದಂಗಿಲ್ಲ. ಅದು ಕಾಣೋ ಹಂಗ ಮಾಡ್ತೀನಿ, ಅಷ್ಟ."

ದಿನಾ ದೇವರಿಗೆ ಕೈಮುಗಿಯೋಳು ನಾನು. ಆದರೂ ಆ ಮಾತು ನನಗೆ ಹೊಳೆದಿರಲಿಲ್ಲ.

ಆ ಬ್ರಶ್ಶುಗಳ ವಿಷಯ ಹೇಳಲೇಬೇಕು. ಹನ್ನೊಂದಿದ್ದವು. ಪುಡಿ ಬಳಿಯೋಕೆ ದಪ್ಪಂದು, ರೆಪ್ಪೆ ಮೇಲೆ ಗೆರೆ ಎಳೆಯೋಕೆ ಇರುವೆ ಮೀಸೆಯಷ್ಟು ಸಣ್ಣದು. ಒಂದೇ ಸಲ ತಗೊಂಡಿದ್ದಲ್ಲ, ಎರಡು ವರ್ಷದಲ್ಲಿ ಒಂದೊಂದಾಗಿ ಸೇರಿಸಿದ್ದು. ಪ್ರತಿ ಭಾನುವಾರ ಮಗು ಶಾಂಪೂ ಹಾಕಿ ತೊಳೆದು, ಟವೆಲ್ಲಿನ ಅಂಚಿನ ಮೇಲೆ ತಲೆ ಮಾತ್ರ ಹೊರಗೆ ಬರುವ ಹಾಗೆ ಸಾಲಾಗಿ ಮಲಗಿಸೋಳು. ಲೋಟದಲ್ಲಿ ನಿಲ್ಲಿಸಬಾರದಂತೆ, ನೀರು ಕೆಳಗಿಳಿದು ಗೋಂದು ಬಿಟ್ಟು ಕೂದಲು ಉದುರುತ್ತಂತೆ. ಒಣಗೋಕೆ ಮಾರನೇ ದಿನದವರೆಗೂ ಬೇಕು. ಫ್ಯಾನ್ ಜೋರಾಗಿ ಹಾಕಿದರೂ ಬೈಯೋಳು. ನನ್ನ ಅತ್ತೆ ಎಳೇ ಮಗುವನ್ನೂ ಅಷ್ಟು ಜೋಪಾನ ಮಾಡಿದ್ದು ನಾನು ನೋಡಿಲ್ಲ.

ಕೋರ್ಸು ಮುಗಿಯುವ ಹೊತ್ತಿಗೆ ಅವಳ ಮನಸ್ಸೆಲ್ಲ ಒಬ್ಬ ಮೇಡಂ ಮೇಲಿತ್ತು. ಬಸವೇಶ್ವರನಗರದವರು. ದೊಡ್ಡ ದೊಡ್ಡ ಶೂಟುಗಳಿಗೆಲ್ಲ ಅವರೇ ಮೇಕಪ್ಪು. ಅವರ ಕೈಕೆಳಗೆ ಸೇರಿಬಿಟ್ಟರೆ ಜೀವನಕ್ಕೆ ದಾರಿಯಾಯಿತು ಅಂತ. ಹೋಗಿ ಕೇಳಿದಳು. ಅವರು ಸರ್ಟಿಫಿಕೇಟ್ ಕಡೆ ಕಣ್ಣೂ ಹಾಯಿಸಲಿಲ್ಲವಂತೆ. "ಪೂರ್ತಿ ನೀನೇ ಮಾಡಿದ ಒಂದು ಶೂಟ್ ತೋರಿಸು. ಕೂದಲು ನಿಂದು, ಮುಖ ನಿಂದು. ಕಂಪ್ಯೂಟರಲ್ಲಿ ತಿದ್ದಿರಬಾರದು. ದೀಪಾವಳಿಯೊಳಗೆ ತಂದರೆ ನೋಡ್ತೀನಿ, ಆಮೇಲೆ ಬೇರೆಯವರನ್ನ ತಗೋತೀನಿ," ಅಂದರಂತೆ.

ಆಗಿನಿಂದ ಅವಳಿಗೆ ನಿದ್ದೆಯಿಲ್ಲ, ನನಗೆ ಹರಕೆ ಲೆಕ್ಕವಿಲ್ಲ. ಹೊಸದಾಗಿ ಕಲಿತವರೆಲ್ಲ ಸೇರಿ ಒಬ್ಬರಿಗೊಬ್ಬರು ಪುಕ್ಕಟೆ ಕೆಲಸ ಮಾಡಿಕೊಡೋ ಶೂಟು ಇರುತ್ತಂತೆ. ಫೋಟೋ ತೆಗೆಯೋನಿಗೂ ತೋರಿಸೋಕೆ ಫೋಟೋ ಸಿಗುತ್ತೆ, ನಿಲ್ಲೋ ಹುಡುಗಿಗೂ ಸಿಗುತ್ತೆ, ಇವಳಿಗೂ ಸಿಗುತ್ತೆ. ಆದರೆ ಎಲ್ಲರಿಗೂ ಒಂದೇ ದಿನ ಬಿಡುವಾಗಬೇಕಲ್ಲ? ಮೂರು ಸಲ ಗೊತ್ತು ಮಾಡಿ ಮೂರು ಸಲವೂ ಕೆಟ್ಟಿತು. ಕೊನೆಗೆ ಎಲ್ಲರಿಗೂ ಕೂಡಿಬಂದಿದ್ದು ವಿಜಯದಶಮಿ ದಿನ. ಫೋಟೋಗೆ ನಿಲ್ಲೋ ಹುಡುಗಿ ಮಾರನೇ ದಿನವೇ ಎರಡು ತಿಂಗಳು ಊರು ಬಿಡುತ್ತಾಳೆ. ಅಂದರೆ ಅದೇ ಮೊದಲು, ಅದೇ ಕೊನೆ.

"ವಿಜಯದಶಮಿ ಕಣೇ! ಅಕ್ಷರಾಭ್ಯಾಸ ಮಾಡ್ಸೋ ದಿನ. ಇನ್ನೇನು ಬೇಕು ನಿಂಗೆ?" ಅಂದೆ. "ಹಿಂದಿನ ದಿನ ಆಯುಧ ಪೂಜೆ. ನಿನ್ನ ಮೇಕಪ್ಪು ಪೆಟ್ಟಿಗೆ ತಂದು ನಮ್ಮ ಹಾಲ್‌ನಲ್ಲಿಡು. ನಮ್ಮನೆ ಆಯುಧಗಳ ಜೊತೇಲಿ ಪೂಜೆ ಮಾಡ್ತೀನಿ."

ಅವಳು ಒಂದು ಗಳಿಗೆ ನನ್ನ ಮುಖ ನೋಡಿದಳು. "ಹೌದಾ ರೀ? ... ಆತು. ಮ್ಯಾಲೆ ಒಂದು ಹೂವು ಇಡ್ರಿ ಸಾಕು," ಅಂದಳು.

ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಕಥೆಯೇ ಇಲ್ಲ.

ಆಯುಧ ಪೂಜೆ ದಿನ ಅವಳು ಬಟ್ಟೆ ತರೋಕೆ ರಾಜಾಜಿನಗರಕ್ಕೆ ಹೋಗಿದ್ದಳು. ನಾನು ಹಾಲ್‌ನಲ್ಲಿ ಕೆಂಪು ಬಟ್ಟೆ ಹಾಸಿ ಎಲ್ಲ ಜೋಡಿಸಿದೆ. ಯಜಮಾನರ ಸ್ಪ್ಯಾನರ್ ಸೆಟ್ಟು, ನನ್ನ ಹೊಲಿಗೆ ಮೆಷಿನ್ನು, ಮಿಕ್ಸಿ, ಈಳಿಗೆ ಮಣೆ, ಇಸ್ತ್ರಿ ಪೆಟ್ಟಿಗೆ. ಪಕ್ಕದಲ್ಲಿ ಅವಳ ಸೂಟ್‌ಕೇಸು. ಎಲ್ಲದಕ್ಕೂ ಅರಿಶಿನ ಕುಂಕುಮ ಹಚ್ಚಿ ಇದಕ್ಕೆ ಬರೀ ಹೂವು ಅಂದರೆ ಮಲತಾಯಿ ಮಾಡಿದ ಹಾಗೆ ಆಗಲ್ವ? ತೆಗೆದೆ. ಒಳಗೆ ಕೂದಲು ನೇರ ಮಾಡೋ ಇಕ್ಕಳ, ಅದಕ್ಕೊಂದು ಹೂವಿನ ದಾರ. ಬಣ್ಣದ ಡಬ್ಬಿ, ಅದರ ನಡುವೆ ಒಂದು ಬೊಟ್ಟು. ಸುತ್ತಿಟ್ಟ ಚೀಲ ಬಿಚ್ಚಿದರೆ ಹನ್ನೊಂದು ಬ್ರಶ್ಶು, ಒಂದೊಂದೂ ತನ್ನ ಜೇಬಲ್ಲಿ.

ಮೊದಲು ಹಿಡಿಗೆ ಹಚ್ಚಿದೆ. ನುಣ್ಣಗಿನ ಕಪ್ಪು ಹಿಡಿ, ಒದ್ದೆ ಅರಿಶಿನ ಜಾರಿಹೋಯಿತು. ಆಮೇಲೆ ಯೋಚಿಸಿದೆ: ದೇವರಿಗೇ ಆಗಲಿ, ಹಸುವಿಗೇ ಆಗಲಿ, ಹಣೆಗೆ ತಾನೇ ಕುಂಕುಮ ಇಡೋದು? ಯಾರಾದರೂ ಕಾಲಿಗೆ ಇಡ್ತಾರಾ? ಬ್ರಶ್ಶಿನ ತಲೆ ಅಂದರೆ ಕೂದಲಿರೋ ಕಡೆ. ಅಲ್ಲಿಗೇ ಹಚ್ಚಿದೆ. ಭಕ್ತಿಯಿಂದ, ಒಂದೂ ಬಿಡದೆ, ಮೊದಲು ಅರಿಶಿನ, ಅದರ ಮೇಲೆ ಕುಂಕುಮ. ಇರುವೆ ಮೀಸೆಯಂಥದ್ದಕ್ಕೂ ಕಡ್ಡಿ ತುದಿಯಲ್ಲಿ ಇಟ್ಟೆ. ಗಾಳಿಗೆ ಕುಂಕುಮ ಉದುರದಿರಲಿ ಅಂತ ಮತ್ತೆ ಚೀಲ ಸುತ್ತಿ, ದಾರ ಕಟ್ಟಿ, ಪೆಟ್ಟಿಗೆಯಲ್ಲಿಟ್ಟು, ಮುಚ್ಚಿ, ಮೇಲೆ ಚೆಂಡುಹೂವಿನ ಹಾರ ಹಾಕಿ ಮಂಗಳಾರತಿ ಮಾಡಿದೆ.

ಸಂಜೆ ಅವಳು ಬಂದು ಹಾರ ಹಾಕಿಸಿಕೊಂಡ ಪೆಟ್ಟಿಗೆಗೆ ಅಡ್ಡಬಿದ್ದಳು. ಪೂಜೆಗಿಟ್ಟ ಆಯುಧವನ್ನು ಮಾರನೇ ದಿನದ ಮಂಗಳಾರತಿವರೆಗೂ ಮುಟ್ಟಬಾರದು ಅಂತ ಅವಳಿಗೂ ಗೊತ್ತು. ಮುಟ್ಟಲಿಲ್ಲ.

ಬೆಳಿಗ್ಗೆ ನಾನೂ ಅವಳ ಜೊತೆ ಹೊರಟೆ. ಫೋಟೋದಲ್ಲಿ ಸೀರೆಯೂ ಇತ್ತು, "ನಿರಿಗಿ ಹಿಡ್ಯಾಕ ನೀವೇ ಬರ್ರಿ ಆಂಟಿ, ನಿಮ್ಮಷ್ಟು ಚಂದ ಯಾರಿಗೂ ಬರಂಗಿಲ್ಲ" ಅಂದಿದ್ದಳು. ಐವತ್ತಾರು ವರ್ಷಕ್ಕೆ ಫ್ಯಾಶನ್ ಶೂಟಿಗೆ ಹೊರಟಿದ್ದೀನಿ ಅಂತ ಹಬ್ಬದ ರೇಷ್ಮೆ ಸೀರೆಯನ್ನೇ ಉಟ್ಟೆ. ಗೇಟಿನ ಹತ್ತಿರ ಯಜಮಾನರು ಕೈಯಲ್ಲಿ ನಿಂಬೆಹಣ್ಣು ಹಿಡಿದು ನಿಂತಿದ್ದರು. ಸೂಟ್‌ಕೇಸಿಗೆ ನಾಲ್ಕು ಚಕ್ರ ಇದೆಯಲ್ಲ! ನಾಲ್ಕಕ್ಕೂ ಒಂದೊಂದು ನಿಂಬೆಹಣ್ಣಿಟ್ಟು ಎಳೆದರು. ಎರಡು ಪಚಕ್ ಅಂದವು, ಎರಡು ಉರುಳಿಕೊಂಡು ಮೋರಿಗೆ ಬಿದ್ದವು. ಬಾಳೆಕಂದು ಕಟ್ಟಿಕೊಂಡಿದ್ದ ಆಟೋದವನು ನಕ್ಕೂ ನಕ್ಕೂ ಹ್ಯಾಂಡಲ್ ಮೇಲೆ ತಲೆಯಿಟ್ಟ. "ಸಾರ್, ಇದಕ್ಕೆ ಇನ್ಶೂರೆನ್ಸ್ ಮಾಡ್ಸಿದೀರಾ?"

ನಾಯಂಡಹಳ್ಳಿಯಲ್ಲಿ ವರ್ಕ್‌ಶಾಪುಗಳ ಹಿಂದೆ ಒಂದು ಹಳೇ ಗೋಡೌನು. ಅದನ್ನೇ ಸ್ಟುಡಿಯೋ ಮಾಡಿಕೊಂಡಿದ್ದರು. ದಾರಿ ತುಂಬ ಒಡೆದ ಬೂದುಗುಂಬಳ, ಬಾಗಿಲು ಹಾಕಿದ ಅಂಗಡಿಗಳು, ಹಾರ ಹಾಕಿಸಿಕೊಂಡು ರಜೆಯಲ್ಲಿದ್ದ ಲೇತ್ ಮೆಷಿನ್ನುಗಳು. ಒಳಗೆ ಫೋಟೋ ತೆಗೆಯೋ ಹುಡುಗ ಮೇಲಿನ ಗವಾಕ್ಷಿಯಿಂದ ಬೀಳುತ್ತಿದ್ದ ಬಿಸಿಲನ್ನೇ ನೋಡುತ್ತಿದ್ದ. "ಸಿಸ್ಟರ್, ಈ ಲೈಟು ಮಧ್ಯಾಹ್ನ ಒಂದು ಗಂಟೆವರೆಗೆ ಅಷ್ಟೇ. ಬೇಗ." ಮಾಡೆಲ್ ಹುಡುಗಿ ಆಗಲೇ ಕೂತಿದ್ದಳು. ಕೃಷ್ಣವರ್ಣ, ನೀಳವಾದ ಕತ್ತು, ಗರ್ಭಗುಡಿಯ ವಿಗ್ರಹದ ಹಾಗಿದ್ದಳು. "ಒಂದೂವರೆಗೆ ನಾನು ಹೊರಡಲೇಬೇಕು," ಅಂದಳು.

ಕೂದಲು ಮೊದಲು. ಬಾಯಲ್ಲಿ ಪಿನ್ನು ಕಚ್ಚಿಕೊಂಡು, ಆ ಪಿನ್ನುಗಳ ಮಧ್ಯದಿಂದಲೇ ಮಾತಾಡುತ್ತ, ಮುಕ್ಕಾಲು ಗಂಟೆಯಲ್ಲಿ ಹಣೆಯಿಂದ ನೆತ್ತಿವರೆಗೆ ಅಲೆ ಅಲೆಯಾಗಿ ಕೂರಿಸಿ ಹಿಂದೆ ಗಂಟು ಹಾಕಿದಳು. ಆಮೇಲೆ ಕೈ ತೊಳೆದು ಬಂದು ಬ್ರಶ್ಶಿನ ಚೀಲ ಮೇಜಿನ ಮೇಲಿಟ್ಟು ದಾರ ಬಿಚ್ಚಿದಳು.

ಹನ್ನೊಂದೂ ಹಳದಿ, ಕೆಂಪು. ಎಣ್ಣೆ ಬತ್ತಿ ಆರಿದ ಮೇಲೆ ಕಿಟ್ಟ ಕಟ್ಟುತ್ತಲ್ಲ, ಹಾಗೆ ಗಟ್ಟಿಯಾಗಿ ಕೂದಲಿಗೆ ಕೂದಲು ಅಂಟಿಕೊಂಡು ನಿಂತಿದ್ದವು.

ಅವಳು ಒಂದು ಬ್ರಶ್ಶಿಗೆ ಸ್ಪಿರಿಟ್ ಹೊಡೆದು ಟಿಶ್ಯೂ ಮೇಲೆ ಉಜ್ಜಿದಳು. ಅರಿಶಿನ ಕರಗಿ ಬುಡಕ್ಕಿಳಿಯಿತು. ಉಜ್ಜಿದಷ್ಟೂ ಕೇಸರಿ. ಇನ್ನೊಂದು ತಗೊಂಡಳು, ಅದೂ ಹಾಗೇ. ಶಾಂಪೂ ಹಾಕಿ ತೊಳೆದರೆ ನಾಳೆಗೆ ಒಣಗೋದು. ಹೊಸದು ತರೋಣ ಅಂದರೆ ಹಬ್ಬದ ದಿನ ಯಾವ ಅಂಗಡಿ?

ಆಗ ನನಗೆ ಅರ್ಥವಾಯಿತು ನಾನು ಏನು ಮಾಡಿದ್ದೀನಿ ಅಂತ. ದೀಪಾವಳಿ, ಮೇಡಂ, ಅವಳ ಎರಡು ವರ್ಷ, ಎಲ್ಲ ನನ್ನ ಒಂದು ಚಿಟಿಕೆ ಕುಂಕುಮದಲ್ಲಿ ಹೋಯಿತು.

ಫೋಟೋ ಹುಡುಗ ಬಂದು ಬಗ್ಗಿ ನೋಡಿದ. "ಏನಿದು, ಹೋಳಿ ಆಡಿದ್ರಾ? ಯಾರು ಮಾಡಿದ್ದು?"

ನಾನು ಬಾಯಿ ತೆಗೆದೆ. ಅವಳು ಮೊದಲೇ ಹೇಳಿಬಿಟ್ಟಳು.

"ಪೂಜಿ ಮಾಡ್ಸಿದ್ದು ನಾನು. ಇವತ್ತು ಅವಕ್ಕ ರಜಾ. ಬೆರಳಿಂದ ಮಾಡ್ತೀನಿ."

"ಬೆರಳಲ್ಲಾ? ಫುಲ್ ಫೇಸಾ?" ಮಾಡೆಲ್ ಹುಡುಗಿ ಕುರ್ಚಿಯಿಂದ ಅರ್ಧ ಎದ್ದಳು. "ಫೋಟೋದಲ್ಲಿ ಪ್ಯಾಚ್ ಪ್ಯಾಚ್ ಕಾಣಲ್ವಾ?"

"ಕಂಡ್ರ ನೀವು ಎದ್ದು ಹೋಗ್ರಿ, ನಾ ಒಂದು ಮಾತು ಅನ್ನಂಗಿಲ್ಲ. ಇಪ್ಪತ್ತು ನಿಮಿಷ ಕೊಡ್ರಿ."

ನಾನು ಮೂಲೆಗೆ ಹೋಗಿ ಗೋಡೆ ಕಡೆ ಮುಖ ಮಾಡಿ ದೇವರಿಗೆ ಬೈದೆ. ನನ್ನ ಜನ್ಮದಲ್ಲಿ ಅವತ್ತು ಒಂದೇ ದಿನ. ಆಮೇಲೆ ತಪ್ಪಾಯ್ತು ಅಂತ ಕೆನ್ನೆ ಬಡಿದುಕೊಂಡು ತಿರುಗಿ ನೋಡಿದೆ.

ಬಣ್ಣದ ಡಬ್ಬಿಯಲ್ಲಿ ನಾನಿಟ್ಟ ಬೊಟ್ಟನ್ನು ಕೆರೆದು ಪಕ್ಕಕ್ಕೆ ಹಾಕಿ, ಕೆಳಗಿನ ಬಣ್ಣವನ್ನು ಎಡಗೈ ಹಿಂಭಾಗಕ್ಕೆ ಹಾಕಿಕೊಂಡಿದ್ದಳು. ಎರಡು ಬಣ್ಣ ಬೆರೆಸಿ, ಮೈಯ ಬಿಸಿಗೆ ಅದು ಕರಗುವವರೆಗೂ ಕಾದಳು. ಆಮೇಲೆ ತಟ್ಟೋಕೆ ಶುರು ಮಾಡಿದಳು. ಹಣೆಗೆ ಎರಡು ಬೆರಳು, ಕೆನ್ನೆಗೆ ಮೂರು, ಕಣ್ಣ ಕೆಳಗೆ ಉಂಗುರದ ಬೆರಳು ಒಂದೇ. ಉಜ್ಜಲಿಲ್ಲ, ಎಳೆಯಲಿಲ್ಲ. ಅಕ್ಕಿ ರೊಟ್ಟಿ ತಟ್ಟುವಾಗ ಹಿಟ್ಟು ತಾನೇ ಹರಡಿಕೊಳ್ಳುತ್ತಲ್ಲ, ಹಾಗೆ ಬಣ್ಣ ಚರ್ಮದೊಳಕ್ಕೆ ಹೋಗಿ ಕೂತಿತು. ತುಟಿಗೆ ಕಿರುಬೆರಳು. ಮಾಡೆಲ್ ಹುಡುಗಿ ಮೊದಲು ಹುಬ್ಬು ಗಂಟಿಕ್ಕಿದ್ದವಳು ನಿಧಾನಕ್ಕೆ ಕಣ್ಣು ಮುಚ್ಚಿಕೊಂಡಳು. "ಅಮ್ಮ ಎಣ್ಣೆ ಹಚ್ಚಿದ ಹಾಗಿದೆ," ಅಂದಳು.

ರೆಪ್ಪೆ ಗೆರೆಗೆ ಬಂದಾಗ ಕೈ ನಿಂತಿತು. ಬೆರಳಲ್ಲಿ ಅಷ್ಟು ಸಣ್ಣ ಗೆರೆ ಬರಲ್ಲ.

"ಆಂಟಿ, ನಿಮ್ಮ ಚೀಲದಾಗ ಹತ್ತಿ ಐತೇನ್ರಿ?"

ಇಲ್ಲದೆ ಇರುತ್ತಾ? ಹತ್ತಿ, ಒಂದು ವಿಭೂತಿ ಗಟ್ಟಿ ಯಾವಾಗಲೂ ಇರುತ್ತೆ. ಹೂಬತ್ತಿಗೆ ತೊಟ್ಟು ಹೊಸೆಯುವ ಹಾಗೆ, ಬೆರಳಿಗೆ ವಿಭೂತಿ ಮುಟ್ಟಿಸಿಕೊಂಡು ಹೊಸೆಯೋಕೆ ಕೂತೆ. ಮೊದಲನೆಯದು ದಪ್ಪ, ಎರಡನೆಯದು ಬಾಗಿತು, ಮೂರು ನಾಲ್ಕು ಕೆಲಸಕ್ಕೆ ಬರಲಿಲ್ಲ. ಐದನೆಯದು ಸೂಜಿಯ ಹಾಗೆ ನಿಂತಿತು. ಅವಳು ಅದನ್ನು ಕಪ್ಪು ಬಣ್ಣದಲ್ಲಿ ಅದ್ದಿ, ಉಸಿರು ಹಿಡಿದು, ಒಂದೇ ಎಳೆತಕ್ಕೆ ಗೆರೆ ಎಳೆದಳು. ಎಡಗಣ್ಣಿಗೆ ಇನ್ನೊಂದು. ಅದು ಬಲಗಣ್ಣಿಗಿಂತ ಒಂದೆಳೆ ದಪ್ಪವಾಯಿತು. ಸುಳ್ಳು ಯಾಕೆ ಹೇಳಲಿ, ದಪ್ಪವಾಯಿತು.

ಇಪ್ಪತ್ತು ನಿಮಿಷ ಅಂದಿದ್ದು ನಲವತ್ತಾಯಿತು. ನಾನು ಓಡಿಹೋಗಿ ಸೀರೆ ನಿರಿಗೆ ಹಿಡಿದೆ, ಹುಡುಗ ಫೋಟೋ ಮೇಲೆ ಫೋಟೋ ತೆಗೆದ. ಆಮೇಲೆ ಲ್ಯಾಪ್‌ಟಾಪಿನಲ್ಲಿ ಆ ಮುಖವನ್ನು ದೊಡ್ಡದು ಮಾಡಿದ, ಇನ್ನೂ ದೊಡ್ಡದು ಮಾಡಿದ. ಕೆನ್ನೆ ಮೇಲಿನ ಸಣ್ಣ ಸಣ್ಣ ರೋಮವೂ ಕಾಣುತ್ತಿತ್ತು, ಬಳಿದ ಬಣ್ಣ ಎಲ್ಲಿ ಶುರು ಎಲ್ಲಿ ಕೊನೆ ಅಂತ ಕಾಣುತ್ತಿರಲಿಲ್ಲ. ಅವನು "ಗುರೂ..." ಅಂದ. ಆರಿಸಿಟ್ಟ ಆರರಲ್ಲಿ ಎಡಗಣ್ಣು ಎದ್ದು ಕಾಣುವ ಎರಡು ಫೋಟೋ ಬಿಟ್ಟರು. ನಾಲ್ಕು ಉಳಿದವು. ಒಂದೂ ಉಳಿಯದಿರಬಹುದಿತ್ತು, ನಾಲ್ಕು ಉಳಿದವು.

ವಾಪಸ್ ಬರುವಾಗ ಆಟೋದಲ್ಲಿ ನನಗೆ ತಡೆಯೋಕಾಗಲಿಲ್ಲ. "ನನ್ನಿಂದ ತಪ್ಪಾಯ್ತು ಕಣೇ. ಅವನ ಮುಂದೆ ನನ್ನ ಹೆಸರು ಹೇಳಬೇಕಿತ್ತು ನೀನು," ಅಂತ ಸೆರಗಲ್ಲಿ ಕಣ್ಣೊರೆಸಿಕೊಂಡೆ.

"ಚೀಲ ಬಿಚ್ಚಿದ ಕೂಡ್ಲೇ ನಿಮ್ಮ ಕುತ್ತಿಗಿ ಹಿಚುಕಬೇಕು ಅನಿಸ್ತು ಆಂಟಿ. ಖರೇನ ಹೇಳ್ತೀನಿ."

"ಹಿಚುಕೇ, ಈಗ ಹಿಚುಕು."

ಅವಳು ನಗಲಿಲ್ಲ. ರಿಂಗ್ ರೋಡಿನ ಕಡೆ ನೋಡುತ್ತ ಹೇಳಿದಳು. "ನಮ್ಮ ಮನ್ಯಾಗ ಹಬ್ಬಕ್ಕ ಅಪ್ಪನ ಟ್ರ್ಯಾಕ್ಟರಿಗೆ ಪೂಜಿ, ಅಣ್ಣನ ಬೈಕಿಗೆ ಪೂಜಿ, ಅಮ್ಮನ ಪೆನ್ನಿಗೂ ಪೂಜಿ. ಹ್ವಾದ ವರ್ಷ ನನ್ನ ಪೆಟ್ಟಿಗಿ ಒಯ್ದು ಸಾಲಿನಾಗ ಇಟ್ಟೆ. ಅಮ್ಮ ಕಾಲಿಂದ ಪಕ್ಕಕ್ಕ ಸರಿಸಿದ್ರು. 'ಇದ್ಯಾವ ಆಯುಧ?' ಅಂದ್ರು. ಇವತ್ತು ನಾನು ಎಣಿಸಿದೆ ಆಂಟಿ. ನೀವು ಒಂದೂ ಬಿಟ್ಟಿರಲಿಲ್ಲ."

ಆಟೋಗೆ ಕಟ್ಟಿದ್ದ ಚೆಂಡುಹೂವು ಗಾಳಿಗೆ ಬಂದು ಬಂದು ನಮ್ಮಿಬ್ಬರ ಮುಖಕ್ಕೆ ಬಡಿಯುತ್ತಿತ್ತು. ನಾನು ಅವಳ ಕೈ ತಗೊಂಡು ನನ್ನ ತೊಡೆ ಮೇಲಿಟ್ಟುಕೊಂಡೆ. ಮನೆವರೆಗೂ ಬಿಡಲಿಲ್ಲ. ಆ ರಾತ್ರಿ ಅವಳು ಬ್ರಶ್ಶುಗಳನ್ನು ತೊಳೆದು ಮಲಗಿಸಿದಳಂತೆ. ಹಳದಿ ಪೂರ್ತಿ ಹೋಗಲೇ ಇಲ್ಲ.

ಫೋಟೋಗಳನ್ನು ಮೇಡಂಗೆ ಕಳಿಸಿ ಹತ್ತು ದಿನವಾದರೂ ಉತ್ತರವಿಲ್ಲ. ಅವಳು ಫೋನು ಮುಟ್ಟಿದಾಗೆಲ್ಲ ನಾನು ಅವಳ ಮುಖ ನೋಡೋದು, ಅವಳು ತಲೆ ಆಡಿಸೋದು. ದೀಪಾವಳಿಗೆ ನಾಲ್ಕು ದಿನ ಇದೆ ಅನ್ನುವಾಗ ಕರೆ ಬಂತು: ಬಂದು ಕಾಣು. ಅವಳು ಹೋದಳು. ನಾನು ಮನೆಯಲ್ಲಿ ಕೂರಲಾರದೆ ಚಕ್ಕುಲಿಗೆ ಅಕ್ಕಿ, ಉದ್ದು ಹುರಿದಿಟ್ಟಿದ್ದ ಡಬ್ಬಿ ಎತ್ತಿಕೊಂಡು ಹಿಟ್ಟಿನ ಗಿರಣಿಗೆ ಹೋದೆ. ಹಬ್ಬದ ರಶ್ಶು, ಉದ್ದ ಸಾಲು, ಮೆಷಿನ್ ಸದ್ದಿಗೆ ಪಕ್ಕದವರ ಮಾತೂ ಕೇಳಿಸದು. ಸೊಂಟದಲ್ಲಿದ್ದ ಫೋನು ನಡುಗಿತು.

"ಆಂಟಿ! ತಗೊಂಡ್ರು!"

"ಜೋರಾಗಿ ಹೇಳೇ!"

"ನನ್ನ ತಗೊಂಡ್ರು ರೀ! ಫೋಟೋ ದೊಡ್ಡದು ಮಾಡಿ ನೋಡಿದ್ರು, 'ಮುಖದ ಬೇಸ್‌ ಬಣ್ಣಕ್ಕೆ ಯಾವ ಬ್ರಶ್?' ಅಂದ್ರು. ಬೆರಳು ಅಂದೆ. 'ಯಾಕೆ?' ಅಂದ್ರು. ಇದ್ದದ್ದು ಇದ್ದಂಗ ಹೇಳಿದೆ, ಆಯುಧ ಪೂಜಿ ಎಲ್ಲಾ. ಎಷ್ಟೊತ್ತು ನಕ್ಕರು ಗೊತ್ತೇನ್ರಿ! ಆಮೇಲೆ ನನ್ನ ಕೈ ಹಿಡಿದು ಒಂದೊಂದು ಬೆರಳೂ ನೋಡಿದ್ರು. 'ಸೋಮವಾರ ಬೆಳಿಗ್ಗೆ ಐದೂವರೆಗೆ ಬಾ. ಬ್ರಶ್ ನಿನ್ನವೇ ತಗೊಂಡು ಬಾ, ತೊಳ್ಕೊಂಡು' ಅಂದ್ರು!"

ನಾನು ಏನು ಅಂದೆನೋ ನೆನಪಿಲ್ಲ. ಅಳುತ್ತಾ ನಗುತ್ತಾ ಇದ್ದೆ ಅಂತ ಕಾಣುತ್ತೆ. ಹಿಂದೆ ನಿಂತಿದ್ದಾಕೆ ನನ್ನ ಭುಜ ಮುಟ್ಟಿ ಕಿವಿ ಹತ್ತಿರ ಬಾಯಿಟ್ಟು ಕೂಗಿದರು.

"ಒಳ್ಳೆ ಸುದ್ದಿನಾ? ಮಗಳಿಗೆ ಕೆಲಸ ಆಯ್ತಾ?"

"ನಮ್ಮನೆ ಹುಡುಗಿಗೆ! ಆಯ್ತು!"

"ಯಾವ ಕೆಲಸ?"

ಗಿರಣಿಯ ಸದ್ದನ್ನು ಮೀರಿಸಬೇಕು ಅಂತ ಎದೆ ತುಂಬ ಉಸಿರೆಳೆದುಕೊಂಡು "ಮೇಕಪ್ ಆರ್ಟಿಸ್ಟು!" ಅಂತ ಕೂಗಿದೆ. ಅದೇ ಗಳಿಗೆಗೆ ಗಿರಣಿಯವನು ಮೆಷಿನ್ ನಿಲ್ಲಿಸಿದ್ದ. ನನ್ನ ಕೂಗು ಎದುರಿನ ಬಸ್‌ಸ್ಟಾಪಿನವರೆಗೂ ಹೋಯಿತು. ಸಾಲಲ್ಲಿದ್ದವರು, ರಸ್ತೆಯಲ್ಲಿ ಹೋಗುವವರು, ಎಲ್ಲರೂ ತಿರುಗಿ ನೋಡಿದರು. ನೋಡಲಿ ಅಂತ ಇನ್ನೊಂದು ಸಲ ಹೇಳಿದೆ.